ಮುಚ್ಚಿದ ಗಾಯವೆಲ್ಲ ಮಾಗಿದ ಗಾಯವಲ್ಲ



ನಾನು ಹಿಂದೆ ಕಾರ್ಯನಿರ್ವಹಿಸುತ್ತಿದ್ದ ಪಂಚಾಯಿತಿಯಲ್ಲಿ ಕೆರೆ ಹೂಳೆತ್ತುವ ಕಾಮಗಾರಿಯ ವೇಳೆ ಹಿರಿಯ ಕೂಲಿಕಾರರೊಬ್ಬರ ಕಾಲ್ಬೆರಳಿನ ಬುಡಕ್ಕೆ ಗುದ್ದಲಿಯ ಏಟು ಬಿದ್ದಿತು. ಪ್ರಥಮ ಚಿಕಿತ್ಸಾ ಪೆಟ್ಟಿಗೆಯಲ್ಲಿ ಹತ್ತಿಯೂ ಇರಲಿಲ್ಲ. ಅದನ್ನು ತುಂಬಿಸದೆ ಬಿಟ್ಟ ಲೋಪ ನನ್ನದು. ಗಾಯಕ್ಕೆ ಕಾಫಿಪುಡಿ ಒತ್ತಿ ಬಟ್ಟೆ ಕಟ್ಟಲಾಯಿತು. ಹತ್ತನೆಯ ದಿನ ಗಾಯ ಮೇಲೆ ಮುಚ್ಚಿದ್ದನ್ನು ಕಂಡು ಅವರು ಕೆಲಸಕ್ಕೆ ಮರಳಿದರು. ಎರಡೇ ದಿನಗಳಲ್ಲಿ ಅದು ಮತ್ತೆ ಬಾಯಿಬಿಟ್ಟು ಕೀವಾಯಿತು. ಅವರಿಗೆ ಸಕ್ಕರೆ ಕಾಯಿಲೆ ಇರುವುದು ಆಸ್ಪತ್ರೆಯಲ್ಲಷ್ಟೇ ತಿಳಿಯಿತು. ಕೊನೆಗೆ ಆ ಬೆರಳನ್ನು ತೆಗೆಯಬೇಕಾಯಿತು.

ಗಾಯ ಮಾಯುವ ಹಂತಗಳು

ದೇಹವು ಗಾಯವನ್ನು ನಾಲ್ಕು ಹಂತಗಳಲ್ಲಿ ದುರಸ್ತಿ ಮಾಡುತ್ತದೆ. ಮೊದಲ ಕೆಲವು ನಿಮಿಷಗಳಲ್ಲಿ ರಕ್ತನಾಳಗಳು ಕುಗ್ಗಿ, ರಕ್ತ ಹೆಪ್ಪುಗಟ್ಟಿ, ಸೋರಿಕೆ ನಿಲ್ಲುತ್ತದೆ. ಅನಂತರ ಬಿಳಿ ರಕ್ತಕಣಗಳು ಬಂದು ರೋಗಾಣುಗಳನ್ನೂ ಸತ್ತ ಜೀವಕೋಶಗಳನ್ನೂ ತೆರವುಗೊಳಿಸುತ್ತವೆ. ಮೊದಲ ದಿನಗಳ ಕೆಂಪು, ಊತ ಮತ್ತು ಬಿಸಿ ಈ ಕಾರ್ಯದ ಗುರುತುಗಳು. ಸುಮಾರು ನಾಲ್ಕನೆಯ ದಿನದಿಂದ ಹೊಸ ರಕ್ತನಾಳಗಳೂ ಕೊಲಾಜನ್ ಎಂಬ ನಾರಿನಂಥ ಪ್ರೋಟೀನೂ ರೂಪುಗೊಂಡು, ಅಂಚುಗಳಿಂದ ಚರ್ಮ ಹರಡತೊಡಗುತ್ತದೆ. ಕೊನೆಯದು ಬಲವರ್ಧನೆಯ ಹಂತ. ಇದು ತಿಂಗಳುಗಟ್ಟಲೆ ನಡೆಯುತ್ತದೆ. ಮೂರು ವಾರಗಳ ನಂತರವೂ ಗಾಯದ ಜಾಗಕ್ಕೆ ಮೂಲ ಚರ್ಮದ ಬಲದ ಸುಮಾರು ಶೇ. 20ರಷ್ಟು ಮಾತ್ರ ಬಂದಿರುತ್ತದೆ. ಪೂರ್ಣ ಮಾಗಿದ ಮೇಲೂ ಅದು ಸುಮಾರು ಶೇ. 80ನ್ನು ದಾಟುವುದಿಲ್ಲ.

ಕಾಂಕ್ರೀಟು ಮರುದಿನವೇ ಗಟ್ಟಿಯಾಗಿ ಕಂಡರೂ ನಾವು ಅದರ ಮೇಲೆ ಭಾರ ಹೊರಿಸುವುದಿಲ್ಲ. ನೀರುಣಿಸಿ ಕಾಯುತ್ತೇವೆ, 28 ದಿನಗಳ ಬಲವನ್ನು ಪರೀಕ್ಷಿಸುತ್ತೇವೆ. ಗಾಯಕ್ಕೂ ಅಂಥದೇ ತಾಳ್ಮೆ ಬೇಕು. ಗಾಳಿಗೆ ಒಣಗಲು ಬಿಟ್ಟ ಗಾಯಕ್ಕಿಂತ ತೇವ ಆರದಂತೆ ಮುಚ್ಚಿದ ಗಾಯದ ಮೇಲೆ ಚರ್ಮ ಬೇಗ ಹರಡುತ್ತದೆಂದು ಜಾರ್ಜ್ ವಿಂಟರ್ 1962ರಲ್ಲಿ ಹಂದಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು.

ಮಾಯುವಿಕೆಗೆ ಅಡ್ಡಿಗಳು

ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಪಾದದ ರಕ್ತಸಂಚಾರ ಕುಂದುತ್ತದೆ, ಬಿಳಿ ರಕ್ತಕಣಗಳ ಶಕ್ತಿ ತಗ್ಗುತ್ತದೆ. ನರಗಳು ಜಡವಾಗಿ ನೋವೂ ತಿಳಿಯದು. ಬೀಡಿ, ಸಿಗರೇಟಿನ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸಿ, ಗಾಯಕ್ಕೆ ತಲುಪಬೇಕಾದ ಆಮ್ಲಜನಕವನ್ನು ಕಡಿಮೆ ಮಾಡುತ್ತದೆ. ಪ್ರೋಟೀನ್ ಮತ್ತು ಸಿ ಜೀವಸತ್ವದ ಕೊರತೆಯಿದ್ದರೆ ಕೊಲಾಜನ್ ಸರಿಯಾಗಿ ಕೂಡಿಬರುವುದಿಲ್ಲ. ಆದ್ದರಿಂದ ಬೇಳೆಕಾಳು, ಮೊಟ್ಟೆ, ನೆಲ್ಲಿಕಾಯಿ, ಸೀಬೆಹಣ್ಣು ಊಟದಲ್ಲಿರಲಿ. ಮಣ್ಣು ಮತ್ತು ಸಗಣಿಯಲ್ಲಿ ಧನುರ್ವಾಯುವಿನ ರೋಗಾಣುಗಳಿರುತ್ತವೆ. ಕಾಫಿಪುಡಿ, ಸುಣ್ಣ, ಸೀಮೆಎಣ್ಣೆ ಔಷಧಗಳಲ್ಲ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಪ್ರತಿ ಕಾಮಗಾರಿ ಸ್ಥಳದ ಪ್ರಥಮ ಚಿಕಿತ್ಸಾ ಪೆಟ್ಟಿಗೆಯನ್ನು ತೆರೆದು ನೋಡುವುದು; ಅದರ ಬಳಕೆಯನ್ನು ಕಾಯಕ ಬಂಧುಗಳಿಗೆ ಕಲಿಸುವುದು.

2. ಗಾಯವನ್ನು ಶುದ್ಧ ನೀರಿನಿಂದ ಚೆನ್ನಾಗಿ ತೊಳೆದು, ರಕ್ತ ಸೋರುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿಹಿಡಿದು, ಗಾಯಾಳುವನ್ನು ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು. ಧನುರ್ವಾಯು ಲಸಿಕೆಯ ಅಗತ್ಯವನ್ನು ವೈದ್ಯರು ನಿರ್ಧರಿಸುವರು.

3. ಕೆಂಪು ಹರಡಿದರೆ, ಕೀವು ಅಥವಾ ಜ್ವರ ಬಂದರೆ ವಿಳಂಬವಿಲ್ಲದೆ ವೈದ್ಯರಿಗೆ ತೋರಿಸುವಂತೆ ಕುಟುಂಬದವರಿಗೆ ತಿಳಿಸುವುದು.

4. ವೈದ್ಯರು ಒಪ್ಪುವವರೆಗೆ ಗಾಯಾಳುವಿಗೆ ಕೆಸರಿನ ಕೆಲಸ ನೀಡದಿರುವುದು.

ಕೂಲಿ ತಪ್ಪುವ ಭಯದಿಂದಲೇ ಹಲವರು ಬೇಗ ಮರಳುತ್ತಾರೆ. ಕೆಲಸದಲ್ಲಿ ಗಾಯಗೊಂಡವರಿಗೆ ಉಚಿತ ಚಿಕಿತ್ಸೆ, ಆಸ್ಪತ್ರೆಗೆ ದಾಖಲಾದರೆ ಕೂಲಿ ದರದ ಅರ್ಧಕ್ಕೆ ಕಡಿಮೆಯಿಲ್ಲದ ದಿನಭತ್ಯೆ ಎಂದು 2005ರ ಉದ್ಯೋಗ ಖಾತರಿ ಅಧಿನಿಯಮದ ಅನುಸೂಚಿ 2 ವಿಧಿಸಿತ್ತು. ಆ ಹಿರಿಯರಿಗೆ ಇದನ್ನು ಯಾರೂ ಹೇಳಿರಲಿಲ್ಲ. ತಮ್ಮ ವಾರ್ಡಿನ ಕೂಲಿಕಾರರಿಗೆ ದೊರೆಯಬೇಕಾದ ಸೌಲಭ್ಯಗಳನ್ನು ಕೆಲಸ ಆರಂಭವಾಗುವ ಮೊದಲೇ ತಿಳಿಸಬೇಕೆಂದು ಕೋರುತ್ತೇನೆ.