ರಾಜಿ ಬೇರೆ, ಆಪ್ತ ಸಮಾಲೋಚನೆ ಬೇರೆ



"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆ ನಮಗೆಲ್ಲ ಗೊತ್ತು. ಸಣ್ಣಪುಟ್ಟ ಮುನಿಸಿಗೆ ಈ ಮಾತು ಸರಿ. ಆದರೆ ಒಬ್ಬರು ಹೆದರಿಸುವುದು, ಇನ್ನೊಬ್ಬರು ಹೆದರುವುದು ದಿನನಿತ್ಯದ ರೂಢಿಯಾಗಿಬಿಟ್ಟರೆ ಅದನ್ನು ಜಗಳ ಎನ್ನಲಾಗದು, ಅದು ದೌರ್ಜನ್ಯ. ಅಲ್ಲಿ ಈ ಗಾದೆ ಹೇಳಿದರೆ ಹೆದರಿದವಳ ಬಾಯಿ ಮುಚ್ಚಿಸಿದಂತೆ.

"ನಮ್ಮಲ್ಲಿ ಓದಿದವರೇ ಇರುವುದು, ಅಂಥದ್ದೆಲ್ಲ ಇಲ್ಲ" ಎನ್ನುವವರಿಗಾಗಿ ಎರಡು ಲೆಕ್ಕ. ಭಾರತದ 5ನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ (2019-21) ಮದುವೆಯಾದ 18ರಿಂದ 49 ವಯಸ್ಸಿನ ಮಹಿಳೆಯರ ಪೈಕಿ ಪತಿಯಿಂದ ಹಿಂಸೆ ಅನುಭವಿಸಿದವರು ದೇಶದಲ್ಲಿ ಶೇ. 29.3, ಕರ್ನಾಟಕದಲ್ಲಿ ಶೇ. 44.4. ಐರೋಪ್ಯ ಒಕ್ಕೂಟದ ಮೂಲಭೂತ ಹಕ್ಕುಗಳ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಸಂಗಾತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಮಹಿಳೆಯರು ಸ್ವೀಡನ್ನಿನಲ್ಲಿ ಶೇ. 28. ಎರಡು ಸಮೀಕ್ಷೆಗಳ ವಿಧಾನ ಬೇರೆ ಬೇರೆ, ಹಾಗಾಗಿ ಯಾವ ದೇಶ ಮೇಲು ಎಂದು ತೂಗುವುದು ಬೇಡ. ನಾವು ಬಿಟ್ಟು ಬಂದ ಊರಲ್ಲೂ ಇದೆ, ಬಂದು ಸೇರಿದ ಊರಲ್ಲೂ ಇದೆ ಎಂಬುದಷ್ಟೇ ಸಾಕು.

ನಾನು ವಕೀಲಿ ಓದಿದವರ ಪೈಕಿಯಲ್ಲ, ಸಾಫ್ಟ್‌ವೇರ್ ಕೆಲಸದ ಇಂಜಿನಿಯರ್. ಈ ದೇಶದಲ್ಲಿ ಸಿಗುವ ನೆರವಿನ ಬಗ್ಗೆ ಓದಿ ತಿಳಿದುಕೊಂಡದ್ದನ್ನು ಪಾಠದಂತೆ ಇಲ್ಲಿ ಜೋಡಿಸಿದ್ದೇನೆ.

1. ದೌರ್ಜನ್ಯ ಎಂದರೆ ಹೊಡೆತ ಮಾತ್ರವೇ?

ಅಲ್ಲ. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಭಾರತದ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯು ದೈಹಿಕ, ಲೈಂಗಿಕ, ಮಾತಿನ ಮತ್ತು ಮಾನಸಿಕ, ಆರ್ಥಿಕ ಎಂದು ಎಲ್ಲ ಬಗೆಯ ಹಿಂಸೆಯನ್ನೂ ಹೆಸರಿಸುತ್ತದೆ. ಸ್ವೀಡನ್ನಿನಲ್ಲಿ 1998ರ ಜುಲೈ 1ರಿಂದ "ಗ್ರೂವ್ ಕ್ವಿನ್ನುಫ್ರಿಡ್ಸ್‌ಕ್ರೆಂಕ್ನಿಂಗ್" ಎಂಬ ಅಪರಾಧವಿದೆ. ಒಂದೊಂದಾಗಿ ನೋಡಿದರೆ ಚಿಕ್ಕದೆನಿಸುವ ಬೆದರಿಕೆ, ಏಟು, ಕಿರುಕುಳಗಳು ಮತ್ತೆ ಮತ್ತೆ ನಡೆದು ಮಹಿಳೆಯ ಆತ್ಮಗೌರವವನ್ನೇ ಕುಗ್ಗಿಸಿದರೆ ಅವೆಲ್ಲವನ್ನೂ ಒಟ್ಟಾಗಿ ಒಂದು ಗಂಭೀರ ಅಪರಾಧವೆಂದು ಈ ಕಾನೂನು ಎಣಿಸುತ್ತದೆ. 2022ರಿಂದ ಇದರ ಕನಿಷ್ಠ ಶಿಕ್ಷೆ ಒಂದು ವರ್ಷ, ಗರಿಷ್ಠ ಆರು ವರ್ಷ.

ನಮ್ಮಂಥ ಮನೆಗಳಲ್ಲಿ ಇದು ಹೇಗಿರಬಹುದು? ಪಾಸ್‌ಪೋರ್ಟನ್ನು ಗಂಡ ಬೀಗದಲ್ಲಿಡುವುದು. ಹೆಂಡತಿಯ ಬ್ಯಾಂಕ್‌ಐಡಿ ತಾನೇ ಬಳಸುವುದು. ಇಲ್ಲಿ ಬ್ಯಾಂಕ್‌ಐಡಿ ಎಂದರೆ ಸಹಿ ಇದ್ದಂತೆ, ಅದರಿಂದ ಅವಳ ಹೆಸರಲ್ಲಿ ಸಾಲವನ್ನೂ ತೆಗೆಯಬಹುದು. ಸ್ವೀಡಿಷ್ ತರಗತಿಗೆ ಹೋಗಬೇಡ ಎನ್ನುವುದು. ಫೋನಿನಲ್ಲಿ ಅವಳು ಎಲ್ಲಿದ್ದಾಳೆಂದು ದಿನವಿಡೀ ನೋಡುವುದು. "ವೀಸಾ ರದ್ದು ಮಾಡಿಸಿ ಊರಿಗೆ ಕಳಿಸುತ್ತೇನೆ" ಎನ್ನುವುದು. ಇವುಗಳಲ್ಲಿ ಯಾವುದೂ ಮೈಮೇಲೆ ಗುರುತು ಉಳಿಸುವುದಿಲ್ಲ.

2. ಆಪ್ತ ಸಮಾಲೋಚನೆ ಎಂದರೇನು?

ತೊಂದರೆ ಗೊತ್ತಾದಾಗ ನಾವು ಸಾಮಾನ್ಯವಾಗಿ ಮಾಡುವುದು ರಾಜಿ ಪಂಚಾಯಿತಿ. ಇಬ್ಬರು ಹಿರಿಯರು ಗಂಡ-ಹೆಂಡತಿಯನ್ನು ಎದುರಿಗೆ ಕೂರಿಸಿ "ನೀನೂ ಸ್ವಲ್ಪ ತಗ್ಗಪ್ಪ, ನೀನೂ ಹೊಂದಿಕೊಂಡು ಹೋಗಮ್ಮ" ಎನ್ನುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಹೆದರಿಸುವವನ ಎದುರಿಗೆ ಹೆದರಿದವಳು ನಿಜ ಹೇಳುವುದು ಕಷ್ಟ. ಹೇಳಿದರೆ, ಎಲ್ಲರೂ ಕಾಫಿ ಕುಡಿದು ಹೊರಟ ಮೇಲೆ ಮನೆಯಲ್ಲಿ ಉಳಿಯುವವರು ಅವರಿಬ್ಬರೇ. ಸ್ವೀಡನ್ 2014ರಲ್ಲಿ ಅನುಮೋದಿಸಿದ ಇಸ್ತಾಂಬುಲ್ ಒಪ್ಪಂದದ 48ನೇ ವಿಧಿ ಇಂಥ ಪ್ರಕರಣಗಳಲ್ಲಿ ಸಂಧಾನವನ್ನು ಕಡ್ಡಾಯ ಮಾಡಬಾರದು ಎಂದೇ ಹೇಳುತ್ತದೆ.

ಆಪ್ತ ಸಮಾಲೋಚನೆಯಲ್ಲಿ ಸಮಾಲೋಚಕರು ಅವಳೊಬ್ಬಳ ಜೊತೆ ಮಾತಾಡುತ್ತಾರೆ. ಅವಳು ಹೇಳಿದ್ದನ್ನು ನಂಬಿ ಕೇಳುತ್ತಾರೆ. ಅಪಾಯ ಎಷ್ಟಿದೆ ಎಂದು ಅವಳ ಜೊತೆಗೇ ಅಳೆಯುತ್ತಾರೆ. ಮಕ್ಕಳು, ಹಣ, ದಾಖಲೆ, ಇರಲು ಜಾಗ ಎಲ್ಲಕ್ಕೂ ಒಂದು ಸುರಕ್ಷತಾ ಯೋಜನೆ ಮಾಡುತ್ತಾರೆ. ಕಾನೂನಿನ ದಾರಿಗಳನ್ನು ತಿಳಿಸುತ್ತಾರೆ. "ಬಿಟ್ಟು ಬಾ" ಎಂದೂ ಹೇಳುವುದಿಲ್ಲ, "ಸಹಿಸಿಕೋ" ಎಂದೂ ಹೇಳುವುದಿಲ್ಲ. ತೀರ್ಮಾನ ಅವಳದು. ವರ್ಷಗಟ್ಟಲೆ ಬೇರೆಯವರೇ ತನ್ನ ಪರವಾಗಿ ತೀರ್ಮಾನಿಸಿದ್ದನ್ನು ಕಂಡ ಹೆಣ್ಣಿಗೆ ಇದೇ ಮೊದಲ ಚೇತರಿಕೆ.

3. ಎಲ್ಲಿಂದ ಶುರು ಮಾಡುವುದು?

ಅತಿ ಸುಲಭದ ಬಾಗಿಲು ಕ್ವಿನ್ನುಫ್ರಿಡ್ಸ್‌ಲಿನ್ಯೆನ್ ಎಂಬ ರಾಷ್ಟ್ರೀಯ ಸಹಾಯವಾಣಿ: 020-50 50 50. ಇದು 2007ರ ಡಿಸೆಂಬರಿನಲ್ಲಿ ಆರಂಭವಾಯಿತು. ನಡೆಸುವುದು ಉಪ್ಸಾಲ ವಿಶ್ವವಿದ್ಯಾಲಯದ ರಾಷ್ಟ್ರೀಯ ಕೇಂದ್ರ. ದಿನದ 24 ಗಂಟೆ ತೆರೆದಿರುತ್ತದೆ, ಕರೆ ಉಚಿತ, ಹೆಸರು ಹೇಳಬೇಕಿಲ್ಲ, ಫೋನ್ ಬಿಲ್ಲಿನಲ್ಲಿ ಕಾಣಿಸುವುದಿಲ್ಲ. ದುಭಾಷಿಯನ್ನು ಕೇಳಬಹುದು. ಸ್ನೇಹಿತೆಯ ಪರವಾಗಿ ನೀವೂ ಕರೆ ಮಾಡಿ ಸಲಹೆ ಪಡೆಯಬಹುದು. ಬಿಲ್ಲಿನಲ್ಲಿ ಕಾಣದಿದ್ದರೂ ಫೋನಿನ ಕರೆ ಪಟ್ಟಿಯಲ್ಲಿ ಉಳಿಯುತ್ತದೆ, ಅಳಿಸಲು ಮರೆಯಬೇಡಿ.

ಎರಡನೆಯದು ನಿಮ್ಮ ಕೊಮ್ಮೂನ್‌ನ ಸಾಮಾಜಿಕ ಸೇವೆ, ಅಂದರೆ ಸೊಸಿಯಾಲ್‌ಶೆನ್ಸ್ತ್. ದೌರ್ಜನ್ಯಕ್ಕೆ ಒಳಗಾದವರಿಗೆ ನೆರವಾಗುವುದು ಕಾನೂನಿನ ಪ್ರಕಾರ ಕೊಮ್ಮೂನ್‌ನ ಹೊಣೆ. 2025ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಾಮಾಜಿಕ ಸೇವಾ ಕಾಯ್ದೆಯ ಪ್ರಕಾರ ಕೆಲವು ನೆರವುಗಳನ್ನು ವೈಯಕ್ತಿಕ ತನಿಖೆ ಇಲ್ಲದೆಯೂ ಕೊಡಬಹುದು.

ಮೂರನೆಯದು ಕ್ವಿನ್ನುಶೂರ್, ಅಂದರೆ ಮಹಿಳೆಯರ ನೆರವಿನ ಸ್ವಯಂಸೇವಾ ಸಂಘಗಳು. ಸ್ಟಾಕ್‌ಹೋಮ್ ಮತ್ತು ಗೋಥೆನ್‌ಬರ್ಗ್‌ನಲ್ಲಿ 1978ರಲ್ಲಿ ಮೊದಲು ಹುಟ್ಟಿದ ಇವು ಮಾತುಕತೆ, ಆಸರೆ ಎರಡನ್ನೂ ಕೊಡುತ್ತವೆ. ಇನ್ನು ವೋರ್ಡ್‌ಸೆಂಟ್ರಾಲ್‌ನ ವೈದ್ಯರಿಗೆ ಅಥವಾ ಗರ್ಭಿಣಿಯಾಗಿದ್ದರೆ ಸೂಲಗಿತ್ತಿ ನರ್ಸ್‌ಗೆ ಹೇಳಬಹುದು. ಗಾಯದ ವಿವರ ಆಸ್ಪತ್ರೆಯ ದಾಖಲೆಗೆ ಸೇರಿದರೆ ಮುಂದೆ ಸಾಕ್ಷಿಯಾಗುತ್ತದೆ.

4. ಬಾಯಿ ಕಟ್ಟಿಹಾಕುವ ನಾಲ್ಕು ಭಯಗಳು

*ಮಕ್ಕಳನ್ನು ಕಿತ್ತುಕೊಳ್ಳುತ್ತಾರೆಯೇ?* ತಾಯಿ ಸಹಾಯ ಕೇಳಿದಳೆಂಬ ಕಾರಣಕ್ಕೆ ಮಕ್ಕಳನ್ನು ಕರೆದೊಯ್ಯುವುದಿಲ್ಲ. ಹೆತ್ತವರ ಒಪ್ಪಿಗೆಯಿಲ್ಲದೆ ಮಗುವನ್ನು ಬೇರೆಡೆ ಇಡಬೇಕಾದರೆ ಮಗುವಿಗೆ ಗಂಭೀರ ಅಪಾಯವಿರಬೇಕು, ಆಡಳಿತ ನ್ಯಾಯಾಲಯ ತೀರ್ಮಾನಿಸಬೇಕು. ಒಂದು ವಿಷಯ ಮುಚ್ಚಿಡಬಾರದು: ಮಗುವಿಗೆ ಕೇಡಾಗುತ್ತಿದೆ ಎಂದು ಅನುಮಾನ ಬಂದರೆ ವೈದ್ಯರು, ಶಿಕ್ಷಕರು ಸಾಮಾಜಿಕ ಸೇವೆಗೆ ತಿಳಿಸಲೇಬೇಕು. 2021ರ ಜುಲೈಯಿಂದ, ಮನೆಯೊಳಗಿನ ಇಂಥ ಅಪರಾಧ ಮಗುವಿನ ಕಣ್ಣೆದುರು ನಡೆಯಲು ಬಿಡುವುದೇ ಒಂದು ಪ್ರತ್ಯೇಕ ಅಪರಾಧ. ಹಾಗಾಗಿ "ಮಕ್ಕಳಿಗೋಸ್ಕರ ಸಹಿಸಿಕೊಂಡೆ" ಎನ್ನುವ ತಾಯಿಗೆ, ಮಕ್ಕಳಿಗೋಸ್ಕರವೇ ಬೇಗ ಮಾತಾಡು ಎನ್ನಬೇಕು.

*ವೀಸಾ ಏನಾಗುತ್ತದೆ?* ಇದನ್ನು ಗಮನವಿಟ್ಟು ಓದಿ. ಇಲ್ಲಿ ನೆಲೆಸಿದ ವ್ಯಕ್ತಿಯ ಸಂಗಾತಿಯಾಗಿ ಪರವಾನಗಿ ಪಡೆದವಳ ಸಂಬಂಧ ದೌರ್ಜನ್ಯದಿಂದ ಮುರಿದುಬಿದ್ದರೆ, ಪರವಾನಗಿ ಮುಂದುವರಿಸಲು ವಿದೇಶೀಯರ ಕಾಯ್ದೆಯ 5ನೇ ಅಧ್ಯಾಯದ 16ನೇ ವಿಧಿಯಲ್ಲಿ ಅವಕಾಶವಿದೆ. ಆದರೆ ನಮ್ಮಲ್ಲಿ ಬಹಳ ಮಂದಿ ಬಂದಿರುವುದು ಕೆಲಸದ ಪರವಾನಗಿ ಇರುವವರ ಕುಟುಂಬದವರಾಗಿ. ಅವರಿಗೆ ಈ ರಕ್ಷಣೆ ಹಾಗೆಯೇ ಅನ್ವಯಿಸುವುದಿಲ್ಲ, ಅವರ ಪರವಾನಗಿ ಗಂಡನದಕ್ಕೆ ಅಂಟಿಕೊಂಡಿರುತ್ತದೆ. ಸ್ವಂತ ಉದ್ಯೋಗದ ಆಧಾರದ ಮೇಲೆ ಪರವಾನಗಿ ಪಡೆಯುವಂಥ ಬೇರೆ ದಾರಿಗಳನ್ನು ನೋಡಬೇಕಾಗುತ್ತದೆ. ಆದ್ದರಿಂದ ಹೆಜ್ಜೆ ಇಡುವ ಮೊದಲೇ ವಲಸೆ ಕಾನೂನು ಬಲ್ಲ ವಕೀಲರನ್ನು ಕಾಣುವುದು ಒಳ್ಳೆಯದು. ಆದರೆ ಪ್ರಾಣಕ್ಕೆ ಅಪಾಯವಿದ್ದಾಗ ಇದಾವುದಕ್ಕೂ ಕಾಯಬಾರದು. ಪೊಲೀಸರನ್ನು ಕರೆಯಲು ವೀಸಾ ಅಡ್ಡಿಯಲ್ಲ.

*ಸುದ್ದಿ ಊರೆಲ್ಲ ಹರಡಿದರೆ?* ಸಾಮಾಜಿಕ ಸೇವೆಯವರು, ವೈದ್ಯರು, ದುಭಾಷಿಗಳು ಗುಟ್ಟು ಕಾಯಲು ಬದ್ಧರು. ನಮ್ಮದು ಚಿಕ್ಕ ಸಮುದಾಯ, ಕನ್ನಡ ದುಭಾಷಿ ಪರಿಚಯದವರೇ ಆಗಿರಬಹುದೆಂಬ ಅಳುಕು ಸಹಜ. ಫೋನಿನಲ್ಲಿ, ಹೆಸರು ಹೇಳದೆ, ಬೇರೆ ಊರಿನ ದುಭಾಷಿ ಬೇಕೆಂದು ಕೇಳಬಹುದು. ಇಂಗ್ಲಿಷಿನಲ್ಲೂ ಮಾತಾಡಬಹುದು. ಗಂಡನನ್ನಾಗಲೀ ಮಕ್ಕಳನ್ನಾಗಲೀ ದುಭಾಷಿಯಾಗಿ ಕೂರಿಸಬೇಡಿ.

*ಪೊಲೀಸ್ ದೂರು ಕೊಡಲೇಬೇಕೇ?* ಸಮಾಲೋಚನೆಗೆ ದೂರು ಬೇಕಿಲ್ಲ. ಆದರೆ ವಿಷಯ ಪೊಲೀಸರಿಗೆ ತಲುಪಿದ ಮೇಲೆ, "ನನ್ನ ದೂರು ವಾಪಸ್" ಎಂದರೂ ಪ್ರಕರಣ ನಿಲ್ಲಬೇಕೆಂದಿಲ್ಲ. 1982ರಿಂದ ಮನೆಯೊಳಗಿನ ಹಲ್ಲೆಯೂ ಸರ್ಕಾರವೇ ಮೊಕದ್ದಮೆ ಹೂಡುವ ಅಪರಾಧ. ಹತ್ತಿರ ಬರದಂತೆ ತಡೆಯುವ ಸಂಪರ್ಕ ನಿಷೇಧವನ್ನು ಪ್ರಾಸಿಕ್ಯೂಟರ್ ವಿಧಿಸಬಹುದು.

5. ವಿಚ್ಛೇದನದ ಮಾತು ಬಂದರೆ

ಸ್ವೀಡನ್ನಿನಲ್ಲಿ ವಿಚ್ಛೇದನಕ್ಕೆ ಕಾರಣ ಹೇಳಬೇಕಿಲ್ಲ. ಭಾರತದಲ್ಲಿ ಹಾಗಲ್ಲ. ನರಸಿಂಹ ರಾವ್ ವಿರುದ್ಧ ವೆಂಕಟಲಕ್ಷ್ಮಿ ಪ್ರಕರಣದಲ್ಲಿ (1991) ನಮ್ಮ ಸುಪ್ರೀಂ ಕೋರ್ಟ್, ಮದುವೆಗೆ ಅನ್ವಯಿಸುವ ಕಾನೂನು ಒಪ್ಪದ ಕಾರಣದ ಮೇಲೆ ಪಡೆದ ವಿದೇಶಿ ವಿಚ್ಛೇದನಕ್ಕೆ ಸಾಮಾನ್ಯವಾಗಿ ಮಾನ್ಯತೆ ಇಲ್ಲ ಎಂದಿತು. ಇಲ್ಲಿ ವಿಚ್ಛೇದಿತೆ, ಅಲ್ಲಿ ವಿವಾಹಿತೆ ಎಂಬ ಸ್ಥಿತಿ ಬರಬಾರದೆಂದರೆ ಎರಡೂ ಕಡೆಯ ವಕೀಲರನ್ನು ಕೇಳಬೇಕು.

6. ನಾವು ಮಾಡಬಹುದಾದದ್ದು

- ಅವಳೊಬ್ಬಳೇ ಇರುವಾಗ ವಿಚಾರಿಸಿ. "ಮನೆಯಲ್ಲಿ ಭಯ ಆಗುತ್ತದೆಯೇ?" ಎಂಬ ನೇರ ಪ್ರಶ್ನೆ ಸಾಕು.
- "ಇವತ್ತೇ ಹೊರಟು ಬಾ" ಎಂದು ಒತ್ತಾಯಿಸಬೇಡಿ. ಬಿಟ್ಟು ಹೊರಡುವ ಸಮಯವೇ ಅತಿ ಅಪಾಯದ ಸಮಯ, ಯೋಜನೆ ಇರಲಿ.
- ಅವಳ ಗಂಡನಿಗೆ ಬುದ್ಧಿ ಹೇಳಲು ಹೋಗಬೇಡಿ. ಅವಳು ಹೇಳಿದ್ದಾಳೆಂದು ಅವನಿಗೆ ಗೊತ್ತಾಗುತ್ತದೆ.
- ಮಾಹಿತಿ ಹುಡುಕಲು ನಿಮ್ಮ ಫೋನನ್ನೋ ಗ್ರಂಥಾಲಯದ ಕಂಪ್ಯೂಟರನ್ನೋ ಬಳಸಲಿ. ಫೋನಿನ ಸ್ಥಳ ಹಂಚಿಕೆಯನ್ನು ಥಟ್ಟನೆ ನಿಲ್ಲಿಸಿದರೆ ಅವನಿಗೆ ಅನುಮಾನ ಬರಬಹುದು. ಅದನ್ನೂ ಸಮಾಲೋಚಕರೊಡನೆ ಮಾತಾಡಿಯೇ ಮಾಡಲಿ.
- ಪಾಸ್‌ಪೋರ್ಟ್, ಪರವಾನಗಿ ಕಾರ್ಡ್, ಮದುವೆ ಮತ್ತು ಮಕ್ಕಳ ಜನನ ಪ್ರಮಾಣಪತ್ರಗಳ ಪ್ರತಿ ಇಟ್ಟುಕೊಡಿ.

ಹಬ್ಬದ ಊಟಕ್ಕೆ ಇನ್ನೂರು ಜನ ಸೇರುವ ನಮ್ಮ ಸಂಘದಲ್ಲಿ ಒಬ್ಬಾಕೆಗೆ ಗುಟ್ಟಾಗಿ ಮಾತಾಡಲು ಒಬ್ಬರಾದರೂ ಸಿಗಬೇಕು. ಅಷ್ಟಾದರೆ ಈ ಪಾಠ ಸಾರ್ಥಕ.

ಬರೆದಿಟ್ಟುಕೊಳ್ಳಿ

ತುರ್ತು: 112
ಪೊಲೀಸ್, ತುರ್ತಲ್ಲದ್ದಕ್ಕೆ: 114 14
ಕ್ವಿನ್ನುಫ್ರಿಡ್ಸ್‌ಲಿನ್ಯೆನ್: 020-50 50 50
ಅಪರಾಧಕ್ಕೆ ಗುರಿಯಾದವರ ನೆರವು (ಬ್ರೊಟ್ಸ್‌ಓಫರ್‌ಶೂರೆನ್): 116 006
ಆರೋಗ್ಯ ಸಲಹೆ: 1177
ತನ್ನ ಸಿಟ್ಟು, ಕೈ ಎರಡೂ ಹತೋಟಿ ತಪ್ಪುತ್ತಿವೆ ಎಂದು ಸ್ವತಃ ಅನಿಸುವವರಿಗೆ (ವೆಲ್ಯ್ ಅತ್ ಸ್ಲೂತಾ): 020-555 666