ಗ್ಯಾಸಿನ ಗುಳಿಗಿ ನುಂಗುವ ಮೊದಲು



ಬನಹಟ್ಟಿಯಲ್ಲಿ ರಾತ್ರಿಪಾಳಿಯ ಮಗ್ಗ ನಡೆಸುವ ಹುಡುಗ, ಮುಧೋಳದ ಸಕ್ಕರೆ ಕಾರ್ಖಾನೆ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಸರದಿಗೆ ಹಚ್ಚಿ ಚಹಾದ ಮೇಲೆ ಚಹಾ ಕುಡಿಯುವ ಡ್ರೈವರ್, ಜಮಖಂಡಿಯಲ್ಲಿ ರೂಮು ಮಾಡಿ ಪರೀಕ್ಷೆಗೆ ಓದುವ ಬೀಳಗಿಯ ಹುಡುಗಿ, ಎಲ್ಲರೂ ಔಷಧದ ಅಂಗಡಿಗೆ ಬಂದು ಕೇಳುವುದು ಒಂದೇ: "ಕಾಕಾ, ಎದಿ ಉರಿಯಾಕತ್ತೈತಿ, ಗ್ಯಾಸಿನ ಗುಳಿಗಿ ಕೊಡ್ರಿ." ಅದು ಹೊಟ್ಟೆಯೊಳಗೆ ಹೋಗಿ ಏನು ಮಾಡುತ್ತದೆ ಎಂದು ಕೇಳುವವರು ಅಪರೂಪ. ಕೇಳದಿದ್ದರೂ ಹೇಳುತ್ತೇನೆ.

ಜಠರದ ಆಮ್ಲ ನಿಮ್ಮ ವೈರಿಯಲ್ಲ. ಊಟದ ಜೊತೆ ಒಳಹೊಕ್ಕ ರೋಗಾಣು ಕೊಲ್ಲಲು, ಕಾಳುಕಡಿ ಅರಗಿಸಲು, ಕಬ್ಬಿಣ ಮತ್ತು ಬಿ12 ಮೈಗೆ ಹತ್ತಲು ಅದು ಬೇಕು. ಜಠರದ ಗೋಡೆಯ ಕೋಶಗಳಲ್ಲಿರುವ 'ಪ್ರೋಟಾನ್ ಪಂಪ್'ಗಳು ಅದನ್ನು ಹೊರಹಾಕುತ್ತವೆ. ಹಿಸ್ಟಮಿನ್, ಗ್ಯಾಸ್ಟ್ರಿನ್, ಅಸಿಟೈಲ್‌ಕೋಲಿನ್ ಎಂಬ ಮೈಯೊಳಗಿನ ಸಂದೇಶವಾಹಕಗಳು ಈ ಪಂಪುಗಳನ್ನು ಚಾಲೂ ಮಾಡುತ್ತವೆ.

ಔಷಧಗಳಲ್ಲಿ ಮುಖ್ಯವಾಗಿ ಮೂರು ಬಗೆ. ಗುಲಾಬಿ ಬಣ್ಣದ ಆಂಟಾಸಿಡ್ ದ್ರಾವಣ, ನೀರಿಗೆ ಹಾಕಿದರೆ ನೊರೆಯುಕ್ಕುವ ಪುಡಿ ಇವು ಆಗಲೇ ಸುರಿದ ಆಮ್ಲದ ಕಸುವು ಮುರಿಯುತ್ತವೆ, ಅಷ್ಟೇ. ಆರಾಮ ಬೇಗ ಸಿಗುತ್ತದೆ, ಬೇಗ ಮುಗಿಯುತ್ತದೆ. ಪುಡಿಯಲ್ಲಿ ಸೋಡಿಯಂ ಇರುವುದರಿಂದ ಬಿಪಿ ಇರುವ ಅಪ್ಪನಿಗೆ ಅದನ್ನು ದಿನಾ ಕದಡಿ ಕೊಡಬೇಡಿ. ಎರಡನೆಯ ಬಗೆ ಹಿಸ್ಟಮಿನ್‌ನ ಸಂದೇಶವನ್ನು ತಡೆಯುತ್ತದೆ. 1976ರಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದ ಸಿಮೆಟಿಡಿನ್ ಇಂಥದ್ದು. ಇದರ ಹಿಂದಿದ್ದ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ 1988ರಲ್ಲಿ ನೊಬೆಲ್ ಪಡೆದರು. ಇದೇ ಕುಲದ ರಾನಿಟಿಡಿನ್ ಮನೆಮನೆಯಲ್ಲಿತ್ತು. ಅದರಲ್ಲಿ ಕ್ಯಾನ್ಸರ್ ತರಬಹುದಾದ ಕಲ್ಮಶ ಕಂಡಿತು; 2022ರಲ್ಲಿ ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಿಂದ ಅದನ್ನು ಕೈಬಿಟ್ಟರು. ಫ್ಯಾಮೋಟಿಡಿನ್ ಈಗಲೂ ಬಳಕೆಯಲ್ಲಿದೆ.

ಮೂರನೆಯದು ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್. ನೀವು ಹೆಚ್ಚು ನುಂಗುವುದು ಇವನ್ನೇ. ಇವು ಪಂಪಿಗೇ ಅಂಟಿಕೊಂಡು ಅದನ್ನು ಕೆಡಿಸುತ್ತವೆ. ರಕ್ತದಲ್ಲಿ ಔಷಧ ಕೆಲವೇ ತಾಸಿನಲ್ಲಿ ಇಳಿದುಹೋದರೂ ಕೆಟ್ಟ ಪಂಪಿನ ಜಾಗಕ್ಕೆ ಹೊಸದು ಬರುವವರೆಗೆ ಪರಿಣಾಮ ಉಳಿಯುತ್ತದೆ. ಆದರೆ ಓಡುತ್ತಿರುವ ಪಂಪಿಗೆ ಮಾತ್ರ ಇವು ಅಂಟುತ್ತವೆ. ಪಂಪು ಓಡುವುದು ಊಟ ಬಿದ್ದಾಗ. ಆದ್ದರಿಂದ ನಾಷ್ಟಾಕ್ಕೆ ಅರ್ಧ ತಾಸು ಮೊದಲು ನುಂಗಬೇಕು. ಸಂಜೆ ಮಿರ್ಚಿ ಭಜಿ ತಿಂದು, ಉರಿ ಹತ್ತಿದ ಮೇಲೆ ನುಂಗಿದರೆ ಆ ಉರಿಗೆ ಅದು ಒದಗುವುದಿಲ್ಲ. ಪೂರ್ಣ ಪರಿಣಾಮಕ್ಕೆ ಮೂರ್ನಾಲ್ಕು ದಿನ ಬೇಕು. ಜಗಿದು, ಪುಡಿಮಾಡಿ ತಿನ್ನಬೇಡಿ; ಆಮ್ಲದಿಂದ ಔಷಧವನ್ನು ಕಾಯುವ ಕವಚ ಒಡೆಯುತ್ತದೆ.

ತಿಂಗಳುಗಟ್ಟಲೆ ನುಂಗಿ ಥಟ್ಟನೆ ಬಿಟ್ಟರೆ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕುತ್ತದೆ. ರೋಗ ತಿರುಗಿ ಬಂತೆಂದು ಜನ ಮತ್ತೆ ಗುಳಿಗಿ ಹಿಡಿಯುತ್ತಾರೆ. ಹೀಗೆ ಎರಡು ವಾರದ ಔಷಧ ವರ್ಷಗಳ ಚಟವಾಗುತ್ತದೆ. ದೀರ್ಘಕಾಲ ನುಂಗಿದವರಲ್ಲಿ ಬಿ12, ಮೆಗ್ನೀಸಿಯಂ ತಗ್ಗುವುದುಂಟು. ಮೂತ್ರಪಿಂಡಕ್ಕೂ ಒಮ್ಮೊಮ್ಮೆ ಪೆಟ್ಟು ಬೀಳುತ್ತದೆ.

ಮಗ್ಗದ ಮುಂದೆ ನಿಂತು ನಡು ಹಿಡಿಯಿತೆಂದು ದಿನಾ ಡೈಕ್ಲೊಫೆನ್ಯಾಕ್ ಎಂಬ ನೋವಿನ ಗುಳಿಗಿ ನುಂಗುವವರೇ, ನಿಮ್ಮ ಹೊಟ್ಟೆಯ ಹುಣ್ಣಿಗೆ ಆ ಗುಳಿಗಿಯೇ ಕಾರಣವಿದ್ದೀತು. ಎಚ್. ಪೈಲೊರಿ ಎಂಬ ಬ್ಯಾಕ್ಟೀರಿಯವೂ ಹುಣ್ಣು ತರುತ್ತದೆ. ಅದನ್ನು ಕಂಡುಹಿಡಿದ ಮಾರ್ಷಲ್ ಮತ್ತು ವಾರನ್‌ಗೆ 2005ರಲ್ಲಿ ನೊಬೆಲ್ ಬಂತು. ಈ ಬ್ಯಾಕ್ಟೀರಿಯಕ್ಕೆ ಆ್ಯಂಟಿಬಯೋಟಿಕ್ ಬೇಕು, ಬರೀ ಗ್ಯಾಸಿನ ಗುಳಿಗಿ ಸಾಲದು.

ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ತುತ್ತು ಗಂಟಲಲ್ಲಿ ಸಿಕ್ಕಂತಾದರೆ, ಕಾರಣವಿಲ್ಲದೆ ತೂಕ ಇಳಿದರೆ ಅಂಗಡಿಗೆ ಬರಬೇಡಿ, ದವಾಖಾನೆಗೆ ಹೋಗಿ. ಎದೆ ಹಿಂಡಿ, ಬೆವರು ಒಡೆದು, ನೋವು ತೋಳಿಗೆ ಇಳಿದರೆ ಅದನ್ನು ಗ್ಯಾಸ್ ಎನ್ನುತ್ತ ಕೂಡಬೇಡಿ, ಹೃದಯಾಘಾತವಿದ್ದೀತು.

ಹೃದಯದ ಕಾಯಿಲೆಗೆ ಆಸ್ಪಿರಿನ್ ಜೊತೆ ವೈದ್ಯರು ಗ್ಯಾಸಿನ ಗುಳಿಗಿ ಬರೆದಿದ್ದರೆ ನನ್ನ ಮಾತು ಕೇಳಿ ಬಿಡಬೇಡಿ, ಅವರನ್ನು ಕೇಳಿ. ಉಳಿದವರು ಮೊದಲು ತಂಬಾಕು ಬಿಡಿ, ಚಹಾ ತಗ್ಗಿಸಿ, ಉಂಡು ಎರಡು ಮೂರು ತಾಸಾದ ಮೇಲೆ ಮಲಗಿ. ಪ್ಯಾಂಟೊಪ್ರಜೋಲ್ ಚೀಟಿಯ ಮೇಲೆ ಕೊಡಬೇಕಾದ ಔಷಧ. ಚೀಟಿಯಿಲ್ಲದೆ ಕೊಡೆಂದು ಅಂಗಡಿಯವನನ್ನು ಕಾಡಬೇಡಿ. ವೈದ್ಯರು ಬರೆದುಕೊಟ್ಟಾಗ "ಎಷ್ಟು ದಿನ?" ಎಂದು ಕೇಳಿ, ಆ ಲೆಕ್ಕವನ್ನು ಚೀಟಿಯಲ್ಲೇ ಬರೆಸಿಕೊಳ್ಳಿ.