ಗಿರಿಗ್ರಾಮದ ಚೈತ್ರ

ಆರು ಋತುಗಳಲ್ಲಿ ವಸಂತವನ್ನು ಋತುರಾಜನೆಂದು ನಮ್ಮ ಕವಿಗಳು ಕೊಂಡಾಡಿದ್ದಾರೆ. ಮಾವು ಚಿಗುರಿ, ಬೇವು ಹೂತು, ಕೋಗಿಲೆ ಕೂಗತೊಡಗಿದಾಗ ಯುಗಾದಿ ಬಂದಿತೆಂದು ನಾವು ಅರಿಯುತ್ತೇವೆ. ಆದರೆ ವಸಂತವು ಎಲ್ಲೆಡೆಯೂ ಒಂದೇ ಬಗೆಯಾಗಿ ಬರುವುದಿಲ್ಲ. ನಮ್ಮ ಬಯಲುಸೀಮೆಯಲ್ಲಿ ಅದು ಸುಗ್ಗಿ ಮುಗಿದು ಹೊಲಗಳು ಬರಿದಾಗಿರುವ ಕಾಲ, ಬಿರುಬೇಸಿಗೆಯ ಮುನ್ಸೂಚನೆ. ಹಿಮಾಲಯದ ಮಡಿಲಿನ ಹಳ್ಳಿಗಳಿಗಾದರೋ ಅದು ಕೊರೆಯುವ ಚಳಿಯಿಂದ ದೊರೆಯುವ ಬಿಡುಗಡೆ. ವರ್ಷದ ದುಡಿಮೆಗೆ ನಾಂದಿ. ಅಲ್ಲಿಯ ಜನರು ಚೈತ್ರಮಾಸವನ್ನು ಹೇಗೆ ಬರಮಾಡಿಕೊಳ್ಳುವರು, ತಮ್ಮ ತೋಟ ಹೊಲಗಳನ್ನು ಹೇಗೆ ಸಜ್ಜುಗೊಳಿಸುವರು ಎಂಬುದು ತಿಳಿಯತಕ್ಕ ವಿಷಯವಾಗಿದೆ.

ಉತ್ತರಾಖಂಡ ರಾಜ್ಯವು 2000ನೆಯ ಇಸವಿ ನವೆಂಬರ್ 9ರಂದು ಅಸ್ತಿತ್ವಕ್ಕೆ ಬಂದಿತು. ಗಢವಾಲ ಮತ್ತು ಕುಮಾವೂಂ ಎಂಬುವು ಅದರ ಎರಡು ವಿಭಾಗಗಳು. ಗಂಗೆ ಯಮುನೆಯರು ಹುಟ್ಟುವ ನಾಡು ಇದು. ರಾಜ್ಯದ ನೆಲದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಬೆಟ್ಟಗುಡ್ಡಗಳೇ. ಇಲ್ಲಿ ಸಮತಟ್ಟಾದ ಭೂಮಿ ಬಲು ವಿರಳ. ಆದುದರಿಂದ ಜನರು ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಪ್ರತಿಯೊಂದು ಮೆಟ್ಟಿಲಿಗೂ ಕಲ್ಲಿನ ಕಟ್ಟಣೆ ಕಟ್ಟಿ ಹೊಲಗಳನ್ನು ಮಾಡಿಕೊಂಡಿದ್ದಾರೆ. ಕೆಲವು ಹೊಲಗಳು ಒಂದು ಜೊತೆ ಎತ್ತು ತಿರುಗುವಷ್ಟು ಮಾತ್ರ ಅಗಲವಾಗಿರುತ್ತವೆ. ದೂರದಿಂದ ನೋಡಿದರೆ ಬೆಟ್ಟಕ್ಕೆ ಸೋಪಾನ ಕಟ್ಟಿದಂತೆ ಕಾಣುತ್ತದೆ. ತಲೆತಲಾಂತರದ ಬೆವರು ಆ ಸೋಪಾನದಲ್ಲಿ ಇಂಗಿದೆ.

ಮಾರ್ಚ್ ತಿಂಗಳ ನಡುವೆ ಸೂರ್ಯನು ಮೀನರಾಶಿಯನ್ನು ಪ್ರವೇಶಿಸುವ ದಿನ ಇಲ್ಲಿಯ ಸೌರಮಾನದ ಚೈತ್ರ ಆರಂಭವಾಗುತ್ತದೆ. ಅಂದು ಆಚರಿಸುವ ಹಬ್ಬವೇ 'ಫೂಲ್ ದೇಯಿ'. ಇದು ಮಕ್ಕಳ ಹಬ್ಬ. ಬೆಳಗಿನ ಜಾವದಲ್ಲಿಯೇ ಮಕ್ಕಳು ಪುಟ್ಟ ಬುಟ್ಟಿಗಳನ್ನು ಹಿಡಿದು ಹೂವು ಕೊಯ್ಯಲು ಹೊರಡುತ್ತಾರೆ. ಬಂಡೆಗಳ ಸಂದಿನಲ್ಲಿ ಅರಳುವ ಹಳದಿ ಬಣ್ಣದ ಫ್ಯೋಂಲಿ, ಕಾಡನ್ನೆಲ್ಲ ಕೆಂಪಾಗಿಸುವ ಬುರಾಂಶ್, ಹಿತ್ತಲಿನ ಪೀಚ್ ಮತ್ತು ಜರದಾಳು ಮರಗಳ ನಸುಗೆಂಪು ಹೂಗಳು, ಹೊಲದ ಸಾಸಿವೆಯ ಹೂಗಳು ಅವರ ಬುಟ್ಟಿಯನ್ನು ತುಂಬುತ್ತವೆ. ಬುರಾಂಶ್ ಮರವು ಉತ್ತರಾಖಂಡದ ರಾಜ್ಯವೃಕ್ಷ. ಅದರ ಹೂವಿನಿಂದ ತಂಪಾದ ಪಾನಕವನ್ನೂ ಮಾಡುತ್ತಾರೆ. ಮಕ್ಕಳು ಮನೆಯಿಂದ ಮನೆಗೆ ಹೋಗಿ, ಪ್ರತಿಯೊಂದು ಹೊಸ್ತಿಲಿನ ಮೇಲೆಯೂ ಹೂವಿರಿಸಿ, ಆ ಮನೆಯ ಕಣಜವು ತುಂಬಿರಲೆಂದು ಹಾಡಿನಲ್ಲಿ ಹರಸುತ್ತಾರೆ. ಮನೆಯ ಹಿರಿಯರು ಅವರಿಗೆ ಅಕ್ಕಿ, ಬೆಲ್ಲ, ನಾಣ್ಯಗಳನ್ನು ನೀಡುತ್ತಾರೆ. ಕೆಲವು ಕಡೆ ಈ ಆಚರಣೆ ಒಂದೇ ದಿನ ನಡೆದರೆ, ಕೆಲವು ಕಡೆ ಎಂಟು ದಿನ, ಮತ್ತೆ ಕೆಲವು ಕಡೆ ತಿಂಗಳಿಡೀ ನಡೆಯುತ್ತದೆ. ಹಿರಿಯರು ಕಿರಿಯರನ್ನು ಹರಸುವುದು ಲೋಕರೂಢಿ. ಇಲ್ಲಿಯಾದರೋ ಊರಿನ ಮಕ್ಕಳೇ ಊರನ್ನು ಹರಸುತ್ತಾರೆ.

ಕುಮಾವೂಂ ಪ್ರದೇಶದಲ್ಲಿ ಚೈತ್ರಮಾಸಕ್ಕೆ ಇನ್ನೊಂದು ಸಂಪ್ರದಾಯವೂ ಉಂಟು. ಮದುವೆಯಾಗಿ ಬೇರೆ ಊರು ಸೇರಿದ ಹೆಣ್ಣುಮಕ್ಕಳನ್ನು ಕಾಣಲು ಅಣ್ಣತಮ್ಮಂದಿರು ಬಟ್ಟೆ, ಸಿಹಿತಿಂಡಿಗಳನ್ನು ಹೊತ್ತು ಬೆಟ್ಟ ಹತ್ತಿ ಹೋಗುತ್ತಾರೆ. ಈ ಉಡುಗೊರೆಗೆ 'ಭಿಟೌಲಿ' ಎಂದು ಹೆಸರು. ದಾರಿಗಳು ದುರ್ಗಮವಾಗಿದ್ದ ಕಾಲದಲ್ಲಿ ತವರಿನ ಮುಖವನ್ನು ವರ್ಷಕ್ಕೊಮ್ಮೆಯಾದರೂ ಕಾಣುವ ಭಾಗ್ಯವನ್ನು ಈ ಸಂಪ್ರದಾಯ ಒದಗಿಸುತ್ತಿತ್ತು. ತಂದ ತಿಂಡಿಯನ್ನು ಆಕೆ ನೆರೆಹೊರೆಯವರಿಗೆಲ್ಲ ಹಂಚಬೇಕು. ಹೀಗೆ ಒಂದು ಮನೆಗೆ ಬಂದ ತವರಿನ ಸಿಹಿ ಇಡೀ ಕೇರಿಗೆ ಸಲ್ಲುತ್ತದೆ.

ಹಬ್ಬದ ಜೊತೆಯಲ್ಲಿಯೇ ದುಡಿಮೆಯೂ ಆರಂಭವಾಗುತ್ತದೆ. ಮನೆಗೆ ಹೊಂದಿಕೊಂಡಿರುವ ಹಿತ್ತಲಿನಲ್ಲಿ ಚಳಿಗಾಲದ ಮೂಲಂಗಿ, ಸಾಸಿವೆಸೊಪ್ಪು ಮುಗಿಯುತ್ತ ಬಂದಿರುತ್ತವೆ. ಬೆಳ್ಳುಳ್ಳಿ, ಈರುಳ್ಳಿಗಳು ಇನ್ನೂ ನೆಲದಲ್ಲಿರುತ್ತವೆ. ತೆರವಾದ ಜಾಗವನ್ನು ಅಗೆದು ಕೆಸುವಿನ ಗೆಡ್ಡೆಗಳನ್ನು ನೆಡುತ್ತಾರೆ. ಚಳಿ ಪೂರ್ತಿಯಾಗಿ ಹಿಂದೆ ಸರಿದ ಮೇಲೆ ಸೌತೆ, ಕುಂಬಳ, ಹೀರೆಯ ಬೀಜಗಳನ್ನು ಊರಿ, ಬಳ್ಳಿ ಹಬ್ಬಲು ಕೊಂಬೆಗಳನ್ನು ನಿಲ್ಲಿಸುತ್ತಾರೆ. ಬೀಜಗಳನ್ನು ಅಂಗಡಿಯಿಂದ ತರುವುದಕ್ಕಿಂತ ಹಿಂದಿನ ವರ್ಷದ ಒಳ್ಳೆಯ ಕಾಯಿಯಿಂದ ತೆಗೆದು ಒಣಗಿಸಿ ಇಟ್ಟುಕೊಳ್ಳುವುದೇ ಹಿಂದಿನಿಂದ ಬಂದ ರೂಢಿ. ಒಬ್ಬರಲ್ಲಿ ಬೀಜ ಕೆಟ್ಟುಹೋದರೆ ನೆರೆಮನೆಯವರಿಂದ ಪಡೆಯಬಹುದು. ಆದುದರಿಂದ ಊರಿನ ಹಿತ್ತಲುಗಳೆಲ್ಲ ಸೇರಿ ಒಂದೇ ಬೀಜಭಂಡಾರವಿದ್ದಂತೆ.

ಬೆಟ್ಟದ ಮಣ್ಣು ತೆಳುವಾದುದು. ಮಳೆ ಅದರ ಸಾರವನ್ನು ಕೊಚ್ಚಿಕೊಂಡು ಹೋಗುತ್ತದೆ. ಗೊಬ್ಬರವಿಲ್ಲದೆ ಅಲ್ಲಿ ಬೆಳೆಯಿಲ್ಲ. ಆ ಗೊಬ್ಬರ ಬರುವುದು ಕಾಡಿನಿಂದ. ಓಕ್ ಜಾತಿಗೆ ಸೇರಿದ 'ಬಾಂಜ್' ಎಂಬ ಮರದ ಸೊಪ್ಪು ದನಗಳಿಗೆ ಮೇವು. ಉದುರಿದ ಎಲೆ ಕೊಟ್ಟಿಗೆಗೆ ಹಾಸು. ಸಗಣಿ ಗಂಜಲಗಳೊಡನೆ ಕೊಳೆತ ಆ ಹಾಸನ್ನು ಬಿತ್ತನೆಗೆ ಮುಂಚೆ ಹೆಂಗಸರು ಬುಟ್ಟಿಗಳಲ್ಲಿ ತುಂಬಿ, ಕಡಿದಾದ ಕಾಲುದಾರಿಯಲ್ಲಿ ಹೊತ್ತು, ಹೊಲಗಳಿಗೆ ಸಾಗಿಸುತ್ತಾರೆ. ಒಂದು ಮನೆಯ ಗೊಬ್ಬರ ಹೊರಲು ಹಲವು ಮನೆಗಳವರು ಕೂಡುವುದುಂಟು. ಮರುದಿನ ಎಲ್ಲರೂ ಇನ್ನೊಂದು ಮನೆಗೆ ಹೋಗುತ್ತಾರೆ. ನಮ್ಮಲ್ಲಿ ಮುಯ್ಯಾಳು ಎಂದು ಕರೆಯುವ ಪದ್ಧತಿಯೇ ಇದು. ಇಲ್ಲಿ ಕೂಲಿಗೆ ಹಣವಿಲ್ಲ. ದುಡಿಮೆಗೆ ದುಡಿಮೆಯೇ ಪ್ರತಿಫಲ.

ಇಷ್ಟೇ ಅಲ್ಲ. ಯಾವ ಹೊಲದಲ್ಲಿ ಯಾವಾಗ ಏನನ್ನು ಬಿತ್ತಬೇಕೆಂಬುದನ್ನೂ ಸಂಪ್ರದಾಯದಂತೆ ಇಡೀ ಊರು ಕೂಡಿಯೇ ನಿರ್ಧರಿಸುತ್ತದೆ. ಊರಿನ ಮಳೆಯಾಶ್ರಿತ ಭೂಮಿಯನ್ನು ಎರಡು ಭಾಗ ಮಾಡಿರುತ್ತಾರೆ. ಒಂದು ಭಾಗದಲ್ಲಿ ಚೈತ್ರದ ಹೊತ್ತಿಗೆ ಭತ್ತ ಅಥವಾ ಊದಲನ್ನು ಬಿತ್ತುತ್ತಾರೆ. ಅದು ಶರತ್ಕಾಲದಲ್ಲಿ ಕಟಾವಾದ ಮೇಲೆ ಅಲ್ಲಿ ಗೋಧಿ ಬರುತ್ತದೆ. ಮುಂದಿನ ವಸಂತದ ಕೊನೆಯಲ್ಲಿ ಗೋಧಿಯನ್ನು ಕೊಯ್ದು, ರಾಗಿ ಮತ್ತು ಕಾಳುಗಳನ್ನು ಬಿತ್ತುತ್ತಾರೆ. ರಾಗಿ ಕೊಯ್ಲಿನ ಅನಂತರ ಚಳಿಗಾಲದಲ್ಲಿ ಆ ಭಾಗ ಬೀಳು ಬಿಟ್ಟಿರುತ್ತದೆ. ಊರ ದನಗಳು ಅಲ್ಲಿ ಸ್ವತಂತ್ರವಾಗಿ ಮೇಯುತ್ತವೆ. ಹೀಗೆ ಎರಡು ವರ್ಷಗಳಲ್ಲಿ ಮೂರು ಬೆಳೆ. ನೆಲಕ್ಕೆ ಒಂದು ಚಳಿಗಾಲದ ವಿಶ್ರಾಂತಿ. ಇನ್ನೊಂದು ಭಾಗದಲ್ಲಿ ಇದೇ ಕ್ರಮ ಒಂದು ವರ್ಷ ಹಿಂದುಮುಂದಾಗಿ ನಡೆಯುತ್ತದೆ. ಒಬ್ಬನು ಮಾತ್ರ ಬೀಳುಭಾಗದಲ್ಲಿ ಗೋಧಿ ಬಿತ್ತಿದರೆ ಅದು ದನಗಳ ಪಾಲಾಗುವುದು ನಿಶ್ಚಯ. ಹೊಲದ ಒಡೆತನ ಒಬ್ಬನದಾದರೂ ಅದರ ಕ್ರಮ ಊರಿನದು.

ಈ ರಾಗಿಹೊಲವನ್ನು ಕಂಡರೆ ಕನ್ನಡ ನಾಡಿನ ರೈತನಿಗೆ ಅದು ಅಪರಿಚಿತವೆನಿಸಲಾರದು. ರಾಗಿಯ ನಡುವೆ ಅವರೆ, ತೊಗರಿಗಳ ಅಕ್ಕಡಿಸಾಲು ಬಿಡುವಂತೆ ಅಲ್ಲಿಯೂ ರಾಗಿಯೊಡನೆ ದಂಟಿನ ಕಾಳು, ಹುರುಳಿ, ಉದ್ದು, ಅಲಸಂದೆ, ಸೋಯಾ ಅವರೆ ಮೊದಲಾದುವನ್ನು ಬೆರೆಸಿ ಬಿತ್ತುತ್ತಾರೆ. ಇದಕ್ಕೆ 'ಬಾರಾನಾಜಾ', ಅಂದರೆ ಹನ್ನೆರಡು ಧಾನ್ಯ, ಎಂದು ಹೆಸರು. ಒಂದು ಬೆಳೆ ಸೋತರೂ ಇನ್ನೊಂದು ಕೈಹಿಡಿಯುತ್ತದೆ. ದ್ವಿದಳ ಧಾನ್ಯಗಳ ಬೇರುಗಂಟುಗಳು ಮಣ್ಣಿಗೆ ಸಾರಜನಕವನ್ನು ಒದಗಿಸುತ್ತವೆ. 1980ರ ದಶಕದಲ್ಲಿ ಹೊಸ ತಳಿಗಳ ಭರಾಟೆಯಲ್ಲಿ ಇಂತಹ ಬೀಜಗಳು ಕಣ್ಮರೆಯಾಗತೊಡಗಿದಾಗ, ಟೆಹ್ರಿ ಜಿಲ್ಲೆಯ ಜರ್ಧಾರ್ ಗ್ರಾಮದ ವಿಜಯ್ ಜರ್ಧಾರಿ ಮತ್ತು ಸಂಗಡಿಗರು 'ಬೀಜ್ ಬಚಾವೋ ಆಂದೋಲನ'ವನ್ನು ಆರಂಭಿಸಿ, ಹಳೆಯ ತಳಿಗಳನ್ನು ಊರೂರು ಅಲೆದು ಸಂಗ್ರಹಿಸಿದರು.

ವಸಂತದಲ್ಲಿ ನೀರು ಮತ್ತು ಬೆಂಕಿ ಎರಡನ್ನೂ ಊರು ಕಾಯಬೇಕಾಗುತ್ತದೆ. ತೊರೆಯಿಂದ ಹೊಲಕ್ಕೆ ನೀರು ತರುವ ಕಿರುಗಾಲುವೆಗಳಲ್ಲಿ ಹೂಳೂ ಕಲ್ಲೂ ತುಂಬಿರುತ್ತವೆ; ನೀರಿನ ಪಾಲುದಾರರೆಲ್ಲ ಸೇರಿ ಅವನ್ನು ಶುಚಿಗೊಳಿಸಿ, ಸರದಿಯ ಮೇಲೆ ನೀರು ಹಾಯಿಸುತ್ತಾರೆ. ಬಿಸಿಲು ಏರಿದಂತೆ ಪೈನ್ ಮರಗಳ ಒಣಗಿದ ಸೂಜಿಯೆಲೆಗಳು ನೆಲವನ್ನು ಮುಚ್ಚುತ್ತವೆ. ಒಂದು ಕಿಡಿ ತಗುಲಿದರೆ ಸಾಕು, ಕಾಡೆಲ್ಲ ಉರಿಯುತ್ತದೆ. ಹೊಲದಂಚಿನ ಪೊದೆಗಳನ್ನು ಕಡಿದು ಸುಡುವಾಗ ಬೆಂಕಿ ಕಾಡಿಗೆ ಹಬ್ಬುವುದೂ ಉಂಟು. ಆದುದರಿಂದ ಅಲ್ಮೋಡಾ ಜಿಲ್ಲೆಯ ಶೀತ್ಲಾಖೇತ್ ಸುತ್ತಿನ ಗ್ರಾಮಸ್ಥರು ಈ ಸುಡುವ ಕೆಲಸವನ್ನು ಮಾರ್ಚ್ ತಿಂಗಳೊಳಗೇ ಮುಗಿಸುವ ಕಟ್ಟುಪಾಡನ್ನು ತಾವೇ ಮಾಡಿಕೊಂಡಿದ್ದಾರೆ.

ತೋಟಕ್ಕೂ ಕಾಡಿಗೂ ಇರುವ ಈ ನಂಟನ್ನು ಅರಿತುದರಿಂದಲೇ ಅಲ್ಲಿಯ ಜನರು ಕಾಡಿಗಾಗಿ ಮತ್ತೆ ಮತ್ತೆ ಹೋರಾಡಿದ್ದಾರೆ. ಬ್ರಿಟಿಷ್ ಸರ್ಕಾರವು ಅರಣ್ಯವನ್ನು ತನ್ನದಾಗಿಸಿಕೊಂಡಾಗ ಕುಮಾವೂಂ ಜನರು ತೀವ್ರವಾಗಿ ಪ್ರತಿಭಟಿಸಿದರು. ಅದರ ಫಲವಾಗಿ 1931ರಲ್ಲಿ ಗ್ರಾಮಸ್ಥರೇ ಕಾಡನ್ನು ನೋಡಿಕೊಳ್ಳುವ 'ವನ ಪಂಚಾಯತಿ'ಗಳಿಗೆ ನಿಯಮಗಳು ರೂಪುಗೊಂಡವು. ಇಂದು ಅಂತಹ ಪಂಚಾಯತಿಗಳು ಹತ್ತು ಸಾವಿರಕ್ಕೂ ಹೆಚ್ಚಾಗಿವೆ.

1970ರಲ್ಲಿ ಅಲಕನಂದಾ ನದಿಗೆ ಭಾರಿ ಪ್ರವಾಹ ಬಂದಿತು. ಮೇಲಿನ ಕಾಡು ಬೋಳಾದುದೇ ಇಂತಹ ವಿಪತ್ತಿಗೆ ಕಾರಣವೆಂದು ಜನರಿಗೆ ಮನವರಿಕೆಯಾಯಿತು. 1973ರಲ್ಲಿ ಚಂಡೀಪ್ರಸಾದ್ ಭಟ್ಟರ ನೇತೃತ್ವದಲ್ಲಿ ಚಿಪ್ಕೋ ಚಳವಳಿ ಮೊದಲಾಯಿತು. ಮರುವರ್ಷ ಚೈತ್ರಮಾಸದಲ್ಲಿಯೇ, ಮಾರ್ಚ್ 26ರಂದು, ರೇಣಿ ಗ್ರಾಮದ ಗಂಡಸರೆಲ್ಲ ಪರಿಹಾರಧನದ ಸಲುವಾಗಿ ಚಮೋಲಿಗೆ ಹೋಗಿದ್ದಾಗ ಮರ ಕಡಿಯುವವರು ಕಾಡನ್ನು ಹೊಕ್ಕರು. ಕಡಿಯಬೇಕೆಂದಿದ್ದ ಮರಗಳು ಎರಡು ಸಾವಿರಕ್ಕೂ ಹೆಚ್ಚು. ಮಹಿಳಾ ಮಂಗಲ ದಳದ ಅಧ್ಯಕ್ಷೆ ಗೌರಾದೇವಿಯವರು ಇಪ್ಪತ್ತೇಳು ಮಂದಿ ಹೆಂಗಸರು, ಹುಡುಗಿಯರನ್ನು ಕೂಡಿಕೊಂಡು ಹೋಗಿ ಅವರನ್ನು ತಡೆದರು. ಬೆದರಿಕೆಗೆ ಅವರು ಜಗ್ಗಲಿಲ್ಲ. ಕಾಡನ್ನು ಅವರು ತಮ್ಮ ತವರುಮನೆಯೆಂದು ಕರೆದರು. ಮೇವು, ಗೊಬ್ಬರ, ನೀರು ಎಲ್ಲವನ್ನೂ ಕೊಡುವ ಕಾಡಿಗೆ ಇದಕ್ಕಿಂತ ಉಚಿತವಾದ ಹೆಸರು ಇನ್ನಾವುದಿದ್ದೀತು? ಮರ ಕಡಿಯುವವರು ಬರಿಗೈಯಲ್ಲಿ ಹಿಂದಿರುಗಿದರು.

ಆ ದನಿ ನಮ್ಮ ನಾಡಿಗೂ ಮುಟ್ಟಿತು. ಉತ್ತರ ಕನ್ನಡ ಜಿಲ್ಲೆಯ ಅಡಕೆ ತೋಟಗಳಿಗೂ ಸುತ್ತಲಿನ ಬೆಟ್ಟದ ಸೊಪ್ಪೇ ಆಧಾರ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಕಳಸೆ ಅರಣ್ಯಕ್ಕೆ ನಡೆದು ಮರಗಳನ್ನು ಅಪ್ಪಿಕೊಂಡರು. ಪಾಂಡುರಂಗ ಹೆಗಡೆಯವರು ಮುನ್ನಡೆಸಿದ ಈ ಚಳವಳಿಗೆ 'ಅಪ್ಪಿಕೋ' ಎಂಬ ಹೆಸರಾಯಿತು. ಹಿಮಾಲಯ, ಸಹ್ಯಾದ್ರಿಗಳು ದೂರವಾದರೂ ಅಲ್ಲಿಯ ತೋಟಗಾರರ ಹಿತ ಒಂದೇ ಎಂಬುದನ್ನು ಇದು ತೋರಿಸಿಕೊಟ್ಟಿತು.

ಆದರೆ ಇಂದು ಆ ಗಿರಿಗ್ರಾಮಗಳಿಗೆ ಮತ್ತೊಂದು ಸಂಕಟ ಒದಗಿದೆ. ಉದ್ಯೋಗ, ಶಿಕ್ಷಣ, ವೈದ್ಯಕೀಯ ಸೌಲಭ್ಯಗಳನ್ನು ಅರಸಿ ಜನರು ಬೆಟ್ಟವಿಳಿದು ಹೋಗುತ್ತಿದ್ದಾರೆ. 2001ರಿಂದ 2011ರ ವರೆಗಿನ ಹತ್ತು ವರ್ಷಗಳಲ್ಲಿ ಪೌಡಿ ಗಢವಾಲ ಮತ್ತು ಅಲ್ಮೋಡಾ ಜಿಲ್ಲೆಗಳ ಜನಸಂಖ್ಯೆ ಏರುವ ಬದಲು ಇಳಿಯಿತು. 2011ರ ಅನಂತರ ಏಳುನೂರಕ್ಕೂ ಹೆಚ್ಚು ಗ್ರಾಮ, ಮಜರೆಗಳು ಸಂಪೂರ್ಣವಾಗಿ ಬರಿದಾದುವೆಂದು ರಾಜ್ಯದ ವಲಸೆ ಆಯೋಗವು 2018ರಲ್ಲಿ ವರದಿ ಮಾಡಿತು. ಹೋದವರನ್ನು ದೂಷಿಸುವುದು ನ್ಯಾಯವಲ್ಲ. ರೋಗಿಯನ್ನು ಹೊತ್ತು ಮೈಲುಗಟ್ಟಲೆ ನಡೆಯಬೇಕಾದ ಊರಿನಲ್ಲಿ ಇರಿ ಎಂದು ಹೇಳುವುದು ಸುಲಭ, ಇರುವುದು ಕಷ್ಟ.

ಆದರೂ ಒಂದು ಸಂಸಾರ ಹೊರಟುಹೋದರೆ ನಷ್ಟವು ಆ ಸಂಸಾರದಲ್ಲಿಯೇ ಮುಗಿಯುವುದಿಲ್ಲ. ನೋಡಿಕೊಳ್ಳುವವರಿಲ್ಲದ ಹೊಲದ ಕಟ್ಟಣೆ ಕುಸಿಯುತ್ತದೆ. ಅದರ ಕಲ್ಲುಮಣ್ಣು ಕೆಳಗಿನ ಮೆಟ್ಟಿಲಿನ ಮೇಲೆ ಬೀಳುತ್ತದೆ. ಬೀಳುಬಿದ್ದ ನೆಲದ ಪೊದೆಗಳಲ್ಲಿ ಕಾಡುಹಂದಿ ಸೇರಿಕೊಂಡು ನೆರೆಯವನ ಬೆಳೆಯನ್ನು ಹಾಳುಮಾಡುತ್ತದೆ. ಕಾಲುವೆಯ ಹೂಳೆತ್ತಲು ಒಬ್ಬ ಆಳು, ಗೊಬ್ಬರ ಹೊರಲು ಒಂದು ಬುಟ್ಟಿ ಕಡಮೆಯಾಗುತ್ತದೆ. ಹಾಗೆ ಕಷ್ಟ ಹೆಚ್ಚಿದಂತೆ ಎರಡನೆಯ ಸಂಸಾರವೂ ಹೊರಡುತ್ತದೆ. ಒಂದು ಕಲ್ಲು ಜಾರಿದರೆ ಸೋಪಾನವೆಲ್ಲ ಸಡಿಲವಾಗುವಂತೆ ಊರು ಸಡಿಲವಾಗುತ್ತದೆ.

ಇದರಿಂದ ನಾವು ತಿಳಿಯಬೇಕಾದುದು ಇಷ್ಟೆ: ಬೆಟ್ಟದ ಊರಿನಲ್ಲಿ ಯಾರ ತೋಟವೂ ಅವರೊಬ್ಬರದೇ ಅಲ್ಲ. ಅದಕ್ಕೆ ಕಾಡಿನ ಎಲೆ ಬೇಕು, ತೊರೆಯ ನೀರು ಬೇಕು, ನೆರೆಯವರ ಬೀಜ ಬೇಕು, ಎಲ್ಲರ ತೋಳು ಬೇಕು. ಬಯಲಿನಲ್ಲಿ ವಾಸಿಸುವ ನಮಗೂ ಈ ಮಾತು ಸಲ್ಲುತ್ತದೆ. ಅಲ್ಲಿಯ ಕಾಡು ಉಳಿದರೆ ಕೆಳಗಿನ ನದಿ ಹರಿಯುತ್ತದೆ. ಫೂಲ್ ದೇಯಿಯ ಮಕ್ಕಳು ತಮ್ಮ ಮನೆ, ಪರರ ಮನೆ ಎಂಬ ಭೇದವಿಲ್ಲದೆ ಎಲ್ಲ ಹೊಸ್ತಿಲುಗಳಿಗೂ ಹೂವಿಡುತ್ತಾರೆ. ನೆರೆಮನೆಯ ಕಣಜ ತುಂಬಿದರೆ ಮಾತ್ರವೇ ತಮ್ಮ ಕಣಜವೂ ತುಂಬುವುದೆಂಬ ಅರಿವು ಆ ಹರಕೆಯಲ್ಲಿ ಅಡಗಿದೆ.

ಅಭ್ಯಾಸ

1. ಫೂಲ್ ದೇಯಿ ಹಬ್ಬವನ್ನು ಹೇಗೆ ಆಚರಿಸುತ್ತಾರೆ? ವಿವರಿಸಿರಿ.
2. ಎರಡು ವರ್ಷಗಳಲ್ಲಿ ಮೂರು ಬೆಳೆ ತೆಗೆಯುವ ಕ್ರಮವನ್ನು ತಿಳಿಸಿರಿ. ಒಬ್ಬನೇ ಈ ಕ್ರಮವನ್ನು ಮೀರಿದರೆ ಏನಾಗುತ್ತದೆ?
3. ಬಾಂಜ್ ಮರಕ್ಕೂ ಹಿತ್ತಲಿನ ತೋಟಕ್ಕೂ ಇರುವ ಸಂಬಂಧವೇನು?
4. ಗೌರಾದೇವಿಯವರು ಕಾಡನ್ನು ತವರುಮನೆಯೆಂದು ಕರೆದುದರ ಔಚಿತ್ಯವನ್ನು ಪರಿಶೀಲಿಸಿರಿ.
5. "ಹೊಲದ ಒಡೆತನ ಒಬ್ಬನದಾದರೂ ಅದರ ಕ್ರಮ ಊರಿನದು." — ಸಂದರ್ಭ ಸಹಿತ ಸ್ವಾರಸ್ಯವನ್ನು ಬರೆಯಿರಿ.
6. ನಿಮ್ಮ ಊರಿನಲ್ಲಿ ಜನರು ಕೂಡಿ ಮಾಡುವ ಒಂದು ಕೆಲಸವನ್ನು ಕುರಿತು ಹಿರಿಯರಿಂದ ಕೇಳಿ ತಿಳಿದು ಒಂದು ಪುಟದಷ್ಟು ಬರೆಯಿರಿ.